ದಡದಲ್ಲಿ ಬಿಟ್ಟು ಬಂದ ಪದ

ಮಾರ್ಚ್ ೩, ಸೋಮವಾರ

ಇಲ್ಲ. ಅಲ್ಲ. ಬೇಡ.

ಬರೆದಾಯಿತು, ಇದೇ ಕೊನೆ. ಇವತ್ತಿನಿಂದ ಈ ಮೂರಕ್ಕೂ ರಜೆ. ಈ ದ್ವೀಪದಲ್ಲಿ ಕೆಲಸಕ್ಕೆ ಸೇರುವವರು ಈ ಮೂರು ಪದಗಳನ್ನು ಆಚೆ ದಡದಲ್ಲೇ ಬಿಟ್ಟು ದೋಣಿ ಹತ್ತಬೇಕು ಎಂದು ನಮ್ಮ ಮ್ಯಾನೇಜರು ಮೊದಲ ಮಾತಿಗೇ ಹೇಳಿದರು. ಇಲ್ಲಿಗೆ ಬರುವವರು ದ್ವೀಪವನ್ನೇ ಇಡಿಯಾಗಿ ಬಾಡಿಗೆಗೆ ಹಿಡಿಯುವ ಜನ. ಅವರ ಕಿವಿಗೆ ಈ ಪದಗಳು ಬಿದ್ದರೆ ರಜೆಯ ಸುಖ ಕೆಡುತ್ತದಂತೆ.

ನನಗೋ, ಹದಿನೇಳು ವರ್ಷ ಈ ಮೂರು ಪದಗಳೇ ಅನ್ನ ಹಾಕಿದ್ದು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತಿದ್ದವಳು ನಾನು. ಬಸ್ಸು ಇದೆಯಾ, ಸೀಟು ಇದೆಯಾ, ಚಿಲ್ಲರೆ ಇದೆಯಾ, ಏನೇ ಕೇಳಿದರೂ ಮೊದಲು ಬಾಯಿಗೆ ಬರುತ್ತಿದ್ದದ್ದು ಆ ಎರಡಕ್ಷರ. ಈಗ ಆ ಕಿಟಕಿಯಲ್ಲಿ ಒಂದು ಯಂತ್ರ ಕೂತಿದೆ. ನನ್ನ ಕೆಲಸವನ್ನು ಅದು ನನಗಿಂತ ಮೃದುವಾಗಿ ಮಾಡುತ್ತದಂತೆ.

ಇವತ್ತಿನ ಪರೀಕ್ಷೆಯಲ್ಲಿ ಎರಡು ಸಲ ನಾಲಿಗೆ ಜಾರಿತು. ಮ್ಯಾನೇಜರು ತಾವೇ ಅತಿಥಿಯಂತೆ ಕೂತು ‘ಸ್ನಾನದ ನೀರು ಬಿಸಿಯಾಗಿದೆಯಾ?’ ಎಂದರು. ನಾನು ಹಳೇ ಕಿಟಕಿಯ ಧಾಟಿಯಲ್ಲೇ ಉತ್ತರ ಕೊಟ್ಟೆ. ‘ಈಗ ತಯಾರಾಗ್ತಾ ಇದೆ ಅನ್ಬೇಕು ಮೇಡಂ’ ಎಂದು ತಿದ್ದಿದರು. ಮೂರನೆಯ ಸಲ ಜಾರಿದರೆ ಗಂಟುಮೂಟೆ ಸಮೇತ ದೋಣಿ ಹತ್ತಬೇಕು. ಅದಕ್ಕೇ ಈ ಡೈರಿ. ಕೈಗೆ ರೂಢಿಯಾದರೆ ಬಾಯಿಗೂ ಆದೀತು. ಹಾಸಿಗೆ ಮೆತ್ತಗಿದೆ, ಕಿಟಕಿ ತೆರೆದರೆ ಸಮುದ್ರ. ನಿದ್ದೆ ಮಾತ್ರ ಇನ್ನೂ ದಾರಿಯಲ್ಲಿದೆ.

ಮಾರ್ಚ್ ೫, ಬುಧವಾರ

ದೊಡ್ಡವರು ಬಂದರು. ನಾನು ಇಟ್ಟ ಹೆಸರು ಅದು. ಒಂದು ತಿಂಗಳಿಗೆ ಇಡೀ ದ್ವೀಪ ಹಿಡಿದವರನ್ನು ಇನ್ನೇನೆಂದು ಕರೆಯಲಿ? ಅವರಿಗಿಂತ ಮುಂಚೆ ಎರಡು ದೋಣಿ ಸಾಮಾನು ಬಂತು. ಅವರದೇ ಹಾಸಿಗೆ, ಅವರದೇ ಚಹಾದ ಬಟ್ಟಲು, ಒಂದು ಪಿಯಾನೋ, ಪಿಯಾನೋದ ಶ್ರುತಿ ಸರಿಮಾಡಲು ಒಬ್ಬ ಮನುಷ್ಯ. ಆಮೇಲೆ ಹೆಲಿಕಾಪ್ಟರಿನಿಂದ ನರ್ಸಮ್ಮನ ಕೈ ಹಿಡಿದುಕೊಂಡು ಅವರು ಇಳಿದರು. ಎಪ್ಪತ್ತು ದಾಟಿದ ಸಣಕಲು ಜೀವ, ಕಾಲಲ್ಲಿ ಮನೆ ಚಪ್ಪಲಿ. ಕೈತುಂಬ ಉಂಗುರ, ಜೋರು ದನಿ ಇರುತ್ತದೆ ಎಂದುಕೊಂಡಿದ್ದೆ. ಇವರು ನೋಡಿದರೆ ನಮ್ಮ ನಿಲ್ದಾಣದ ಬೆಂಚಿನಲ್ಲಿ ಚೀಲ ತಬ್ಬಿಕೊಂಡು ಕೊನೆ ಬಸ್ಸು ಕಾಯುವ ತಾತನ ಹಾಗಿದ್ದಾರೆ.

ಅವರೊಬ್ಬರಿಗೆ ನಾವು ನಲವತ್ತು ಮಂದಿ. ದಂಡೆಯ ಮರಳಿಗೆ ಬಾಚಣಿಗೆ ಹಾಕಲು ಒಬ್ಬ, ಕಾಗೆ ಓಡಿಸಲು ಒಬ್ಬ. ದಿಂಬಿಗೇ ಒಬ್ಬಳು ಇದ್ದಾಳೆ. ತರಾವರಿ ದಿಂಬು ಹೊತ್ತು ತಂದು, ದೊಡ್ಡವರ ಕುತ್ತಿಗೆಗೆ ಒಪ್ಪುವುದನ್ನು ಆರಿಸುತ್ತಾಳೆ. ನನ್ನ ಪಾಲಿಗೆ ಬಂದದ್ದು ಊಟದ ಮೇಜು ಮತ್ತು ಮ್ಯಾನೇಜರು ಆಚೀಚೆ ಹೋದಾಗ ಕಚೇರಿಯ ಫೋನು.

‘ಎರಡು ತಟ್ಟೆ ಇಡಿ. ನನ್ನ ಮಗಳು ಬರ್ತಾಳೆ’ ಎಂದರು ದೊಡ್ಡವರು. ಈ ರಜೆಯೆಲ್ಲ ಆ ಮಗಳಿಗಾಗಿ. ಒಬ್ಬಳೇ ಮಗಳು. ಮಾತು ನಿಂತು ವರ್ಷಗಳಾದವಂತೆ. ಕೂತು ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ ‘ಇವತ್ತು ಬರ್ತಾಳಾ?’ ಎಂದರು. ನಾನು ಬಾಯಿ ತೆರೆಯುವ ಮುಂಚೆಯೇ ಮ್ಯಾನೇಜರು ಬಾಗಿ ‘ಖಂಡಿತ ಸಾರ್’ ಎಂದರು. ಎಷ್ಟು ಸಲೀಸು! ಕಲಿಯಬೇಕು.

ಮಾರ್ಚ್ ೮, ಶನಿವಾರ

ಹಡಗಿನಲ್ಲಿ ಹಿಮ ಬಂತು. ಹೌದು, ಹಿಮ. ನೆತ್ತಿ ಸುಡುವ ಬಿಸಿಲಿನಲ್ಲಿ, ಹುಲ್ಲುಹಾಸಿನ ಮೇಲೆ ಆಳೆತ್ತರದ ಬಿಳಿ ಗುಡ್ಡ. ಸುತ್ತ ತಂಪು ಊದುವ ಯಂತ್ರಗಳು, ಮೇಲೆ ಡೇರೆ. ನಾವೆಲ್ಲ ಬಿಡುವಿದ್ದಾಗ ಹೋಗಿ ಬೆರಳಿಟ್ಟು ನೋಡಿ ಬಂದೆವು. ನಾನು ಒಂದು ಚೂರು ನೆಕ್ಕಿಯೂ ನೋಡಿದೆ. ಫ್ರಿಜ್ಜಿನ ಹಿಂಬದಿಯ ರುಚಿ.

ದೊಡ್ಡವರು ಅದರ ಪಕ್ಕ ಕುರ್ಚಿ ಹಾಕಿಸಿಕೊಂಡು, ಶಾಲು ಹೊದ್ದು ಕೂತಿದ್ದರು. ಚಹಾ ಕೊಡಲು ಹೋದಾಗ ತಾವಾಗೇ ಹೇಳಿದರು.

‘ಆಗ ಅವಳಿಗೆ ಆರು ವರ್ಷ. ಹಿಮ ನೋಡ್ಬೇಕು ಅಂದ್ಲು. ಪುರುಸೊತ್ತಿಲ್ಲ ಅಂದೆ. ಪಿಯಾನೋ ಕಲೀತೀನಿ ಅಂದ್ಲು. ಬೇಡ ಅಂದೆ. ಅವಳು ದೊಡ್ಡವಳಾಗೋವರೆಗೂ ನಾನು ಹೇಳಿದ್ದು ಈ ಎರಡೇ ಮಾತು ನೋಡಿ. ಈಗ ಎಲ್ಲಾ ತರಿಸಿದ್ದೀನಿ.’

ಅತಿಥಿಗಳ ಬಾಯಿಂದ ಆ ಪದಗಳು ಬರಬಹುದು. ನಿಯಮ ನಮಗೆ ಮಾತ್ರ. ಹಾಗಾಗಿ ಇದ್ದಂತೆಯೇ ಬರೆದೆ.

‘ಇವತ್ತು ಬರ್ತಾಳಾ?’ ಎಂದರು.

‘ಖಂಡಿತ ಸಾರ್’ ಎಂದೆ. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬಂತು. ಮ್ಯಾನೇಜರು ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದರು.

ಮಾರ್ಚ್ ೧೧, ಮಂಗಳವಾರ

ಮನೆಗೆ ಫೋನು ಮಾಡಿದೆ. ಪುಟ್ಟಿ ಎತ್ತಿದಳು. ಹತ್ತೊಂಬತ್ತು ತುಂಬಿದರೂ ನಮಗೆ ಅವಳು ಪುಟ್ಟಿಯೇ.

‘ಅಮ್ಮಾ, ಕೂದಲು ಕತ್ತರಿಸಿಕೊಳ್ಳಲಾ? ಕಿವಿವರೆಗೆ?’

ಈ ಮಾತು ನಮ್ಮ ಮನೆಯಲ್ಲಿ ಎದ್ದಾಗಲೆಲ್ಲ ಬೀದಿಗೆ ಕೇಳುವಷ್ಟು ಜಗಳವಾಗಿದೆ. ಅವಳ ಕೂದಲು ಸೊಂಟ ದಾಟುತ್ತದೆ. ಅದಕ್ಕೆ ಎಣ್ಣೆ ಹಚ್ಚಿ ಬೆಳೆಸಿದ ಕೈ ನನ್ನದು.

‘ಖಂಡಿತ ಪುಟ್ಟಿ. ನಿನ್ನಿಷ್ಟ’ ಎಂದೆ.

ಫೋನು ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ‘ಅಪ್ಪಾ, ಬಂದು ಫೋನ್ ತಗೋ. ಅಮ್ಮನಿಗೆ ಏನೋ ಆಗಿದೆ’ ಎಂಬ ಕೂಗು. ನಮ್ಮ ಮನೆಯವರು ಹೊಲಿಗೆ ಯಂತ್ರ ನಿಲ್ಲಿಸಿ ಬಂದರು. ‘ಹುಷಾರಾಗಿದ್ದೀಯೇನೇ? ಜ್ವರ ಗಿರ ಏನಾದ್ರೂ?’ ಎಂದರು. ನಗು ಬಂತು. ನನ್ನ ತರಬೇತಿ ಫಲ ಕೊಡುತ್ತಿದೆ ಎಂದು ಖುಷಿಯೇ ಆಗಬೇಕು. ಆದರೂ ಫೋನಿಟ್ಟ ಮೇಲೆ ಸುಮಾರು ಹೊತ್ತು ಪುಟ್ಟಿಯ ಜಡೆಯೇ ಕಣ್ಣ ಮುಂದೆ ಇತ್ತು.

ಸಂಜೆ ನರ್ಸಮ್ಮ ನನ್ನ ಜೊತೆ ಚಹಾ ಕುಡಿಯಲು ಬಂದರು. ಅವರು ದೊಡ್ಡವರ ಮನೆಯ ಕಡೆಯವರು, ಹಾಗಾಗಿ ಅವರ ಬಾಯಿಗೆ ಬೀಗ ಹಾಕುವವರು ಯಾರು?

‘ಹೃದಯದ ಆಪರೇಷನ್ನಿಗೆ ಹದಿನೆಂಟನೇ ತಾರೀಕು ಗೊತ್ತಾಗಿದೆ ಕಣ್ರೀ. ಮಗಳು ಬಂದು ನಾಲ್ಕು ದಿನ ಜೊತೆಗಿದ್ದ ಮೇಲೇ ಆಸ್ಪತ್ರೆಗೆ ಹೋಗೋದು ಅಂತ ಹಟ ಹಿಡಿದಿದ್ದಾರೆ. ತಡ ಆದಷ್ಟೂ ಜೀವಕ್ಕೆ ಅಪಾಯ ಅಂತ ಡಾಕ್ಟರು ಹೇಳಿ ಹೇಳಿ ಸೋತ್ರು. ಆ ಮಗಳಿಗೆ ಆಪರೇಷನ್ ವಿಷಯನೇ ಹೇಳಿಲ್ಲ ಇವರು.’

ಮಗಳು ಬೇಗ ಬರಲಿ. ಖಂಡಿತ ಬರುತ್ತಾಳೆ.

ಮಾರ್ಚ್ ೧೪, ಶುಕ್ರವಾರ

ಮ್ಯಾನೇಜರು ದೋಣಿಕಟ್ಟೆಗೆ ಹೋಗಿದ್ದಾಗ ಕಚೇರಿಯ ಫೋನು ಬಡಿದುಕೊಂಡಿತು. ಎತ್ತಿ ‘ಹೇಳಿ’ ಎಂದೆ.

‘ನಾನು ಅವರ ಮಗಳು’ ಎಂದಿತು ಒಂದು ದನಿ. ‘ನಾನು ಬರಲ್ಲ ಅಂತ ಮೊದಲನೇ ದಿನವೇ ನಿಮ್ಮ ಮ್ಯಾನೇಜರ್‌ಗೆ ಹೇಳಿದ್ದೆ. ಆದ್ರೂ ದಿನಾ ಟಿಕೆಟ್ ಬರ್ತಾನೇ ಇದೆ. ಅಪ್ಪನಿಗೆ ಹೇಳಿದ್ರಾ?’

ಅಂದರೆ ಮ್ಯಾನೇಜರಿಗೆ ಮೊದಲಿಂದಲೂ ಗೊತ್ತಿತ್ತು! ಆದರೂ ‘ಖಂಡಿತ ಹೇಳ್ತೀವಿ ಮೇಡಂ’ ಎಂದೆ.

ಅವರು ಫೋನಿಡಲಿಲ್ಲ. ಉಸಿರು ಕೇಳುತ್ತಿತ್ತು. ಆಮೇಲೆ ದನಿ ತಗ್ಗಿಸಿ ಕೇಳಿದರು. ‘ಅಪ್ಪ ಚೆನ್ನಾಗಿದ್ದಾರಾ? ಊಟ ಗೀಟ ಸರಿಯಾಗಿ ಮಾಡ್ತಾರಾ?’

‘ಖಂಡಿತ ಮೇಡಂ. ತುಂಬಾ ಚೆನ್ನಾಗಿದ್ದಾರೆ.’

‘ಓ. ಸರಿ ಹಾಗಾದ್ರೆ’ ಎಂದು ಇಟ್ಟುಬಿಟ್ಟರು.

ಇಷ್ಟು ಗಡಿಬಿಡಿಯಲ್ಲೂ ಒಂದು ಸಲವೂ ನಾಲಿಗೆ ಜಾರಲಿಲ್ಲ. ಅಯ್ಯೋ, ಜಾರಲಿಲ್ಲ ಎಂದು ಬರೆದೇಬಿಟ್ಟೆ. ಮೇಲೆ ನೋಡಿದರೆ ಫೋನಿಡಲಿಲ್ಲ ಎಂದೂ ಬರೆದಿದ್ದೇನೆ. ಪೆನ್ನಿನ ತಪ್ಪು, ಹೋಗಲಿ.

ಮ್ಯಾನೇಜರಿಗೆ ವಿಷಯ ತಿಳಿಸಿದೆ. ಅವರ ಮುಖದ ನಗು ಅಲ್ಲಾಡಲಿಲ್ಲ. ‘ಗೊತ್ತು ಮೇಡಂ. ನಾವು ಅದನ್ನ ದಿನಾಂಕ ಇನ್ನೂ ಗೊತ್ತಾಗಬೇಕು ಅಂತ ಸಾರ್‌ಗೆ ತಲುಪಿಸ್ತೀವಿ’ ಎಂದರು.

‘ಅವರ ಆಪರೇಷನ್ನು?’

‘ಅದೂ ಖಂಡಿತ ಆಗುತ್ತೆ ಮೇಡಂ.’

ಮಾರ್ಚ್ ೧೬, ಭಾನುವಾರ

ಹಿಮ ಕರಗಿ ಹುಲ್ಲೆಲ್ಲ ಕೆಸರು. ಎರಡನೇ ಹಡಗಿಗೆ ಹೇಳಿ ಕಳಿಸಿದ್ದಾರೆ.

ತಟ್ಟೆ ಎರಡು. ಮಗಳದು ಖಾಲಿಯಾಗೇ ಒಳಗೆ ಹೋಯಿತು, ದೊಡ್ಡವರದು ತುಂಬಿದ ಹಾಗೇ ವಾಪಸ್ಸು. ಒಂದು ತುತ್ತೂ ಮುಟ್ಟಿಲ್ಲ ಅವರು.

ಮಾರ್ಚ್ ೧೮, ಮಂಗಳವಾರ

ಆಪರೇಷನ್ನಿನ ದಿನ ಬಂದು ಹೋಯಿತು. ಡಾಕ್ಟರು ಇಪ್ಪತ್ತೊಂದಕ್ಕೆ ಮುಂದೆ ಹಾಕಿದ್ದಾರೆ, ಅದಕ್ಕಿಂತ ಮುಂದೆ ತಳ್ಳುವ ಹಾಗಿಲ್ಲ ಎಂದಿದ್ದಾರಂತೆ. ದೊಡ್ಡವರು ನಗುತ್ತ ‘ನಾಳೆ ನಾಡಿದ್ದರಲ್ಲಿ ಬಂದುಬಿಡ್ತಾಳೆ’ ಎಂದರು. ಪಿಯಾನೋದ ಮನುಷ್ಯ ಇವತ್ತೂ ಶ್ರುತಿ ಸರಿಮಾಡಿದ. ಅದನ್ನು ಇನ್ನೂ ಯಾರೂ ನುಡಿಸಿಲ್ಲ. ಉಪ್ಪುಗಾಳಿಗೆ ತಾನಾಗೇ ಕೆಡುತ್ತದೆ, ಅವನು ತಾನಾಗೇ ಸರಿಮಾಡುತ್ತಾನೆ.

ಮೆಟ್ಟಿಲು ಹತ್ತುವಾಗ ದೊಡ್ಡವರಿಗೆ ಉಸಿರು ಸಿಕ್ಕಲಿಲ್ಲ. ಅರ್ಧದಲ್ಲೇ ಕೂತುಬಿಟ್ಟರು. ತುಟಿ ನೀಲಿಗಟ್ಟಿತ್ತು. ಮ್ಯಾನೇಜರು ಬಂದು ‘ಇಲ್ಲೇ ಒಂದು ಲಿಫ್ಟ್ ಹಾಕಿಸೋಣ ಸಾರ್’ ಎಂದರು.

ನನಗೆ ನನ್ನ ಕಿಟಕಿ ನೆನಪಾಯಿತು. ಜನ ನನ್ನನ್ನು ಬೈಯುತ್ತಿದ್ದರು, ಹೌದು. ಬಸ್ಸು ಇಲ್ಲ ಎಂದರೆ ಮುಖ ಕಿವುಚಿ ಚೀಲ ಎತ್ತಿಕೊಳ್ಳುತ್ತಿದ್ದರು. ಆದರೆ ಎತ್ತಿಕೊಂಡು ಹೋಗುತ್ತಿದ್ದರು. ಯಾರದೋ ಮನೆಗೆ, ಇನ್ನೊಂದು ದಾರಿಗೆ, ಕೊನೆಗೆ ಊಟಕ್ಕಾದರೂ. ನನ್ನ ಪಕ್ಕದ ಕಿಟಕಿಯ ಗುಮಾಸ್ತ ಬಹಳ ಒಳ್ಳೆಯವನು, ಯಾರ ಮನಸ್ಸನ್ನೂ ನೋಯಿಸುತ್ತಿರಲಿಲ್ಲ. ಎಲ್ಲರಿಗೂ ‘ಬರುತ್ತೆ, ಬರುತ್ತೆ’ ಎನ್ನುತ್ತಿದ್ದ. ಅವನು ಹಾಗೆಂದವರು ಮಾತ್ರ ಕತ್ತಲಾದರೂ ಅಲ್ಲೇ ನಿಂತಿರುತ್ತಿದ್ದರು. ಕೂಸು ಎತ್ತಿಕೊಂಡ ಹೆಂಗಸರೂ ಸಹ.

ಇವತ್ತು ನಾನು ‘ಖಂಡಿತ ಸಾರ್’ ಎಂದಾಗ ನನ್ನ ದನಿ ನನಗೇ ಹಿಡಿಸಲಿಲ್ಲ. ಬಾಯಿ ತೊಳೆದುಕೊಂಡರೂ ಹೋಗಲಿಲ್ಲ. ಪುಟ್ಟಿಗೆ ಎರಡು ದಿನದಿಂದ ಫೋನು ಮಾಡಿಲ್ಲ. ಏನು ಮಾತಾಡಲಿ ಅವಳ ಹತ್ತಿರ?

ಮಾರ್ಚ್ ೨೦, ಗುರುವಾರ

ನಿಧಾನವಾಗಿ, ಒಂದೊಂದಾಗಿ ಬರೆಯುತ್ತೇನೆ.

ಇವತ್ತಿನ ತಿಂಡಿ ಸಮುದ್ರದ ನಡುವೆ. ನೀರು ಇಳಿದಾಗ ದಂಡೆಯಿಂದ ಸ್ವಲ್ಪ ದೂರದಲ್ಲಿ ಒಂದು ಮರಳ ದಿಬ್ಬ ಏಳುತ್ತದೆ. ಅದರ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜು, ಎರಡು ಕುರ್ಚಿ, ಹೂವು, ಬೆಳ್ಳಿ ಚಮಚ. ನೀರು ಮತ್ತೆ ಏರುವ ಮೊದಲು ತಿಂದು ಎದ್ದು ಬರಬೇಕು. ದೊಡ್ಡವರನ್ನು ದೋಣಿಯಲ್ಲಿ ಕರೆದೊಯ್ದು ಕೂರಿಸಿದೆವು. ಮ್ಯಾನೇಜರು ದಂಡೆಗೆ ಮರಳಿದರು, ನಾನು ಬಡಿಸಲು ಉಳಿದೆ.

ಅವರು ತಿನ್ನಲಿಲ್ಲ. ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತ ಕೂತರು. ನೀರು ತಿರುಗಿತು. ಮೊದಲು ನನ್ನ ಹಿಮ್ಮಡಿ ಒದ್ದೆಯಾಯಿತು, ಆಮೇಲೆ ಮೇಜಿನ ಕಾಲು. ದಂಡೆಯಿಂದ ಮ್ಯಾನೇಜರು ನಗುಮುಖದಿಂದಲೇ ಕೈ ಬೀಸುತ್ತಿದ್ದರು. ‘ಸಾರ್, ದೋಣಿ ತಯಾರಾಗಿದೆ’ ಎಂದೆ.

‘ಅವಳ ಹೆಲಿಕಾಪ್ಟರ್ ಈ ಕಡೆಯಿಂದಲೇ ಬರ್ಬೇಕು. ನೋಡಿಕೊಂಡೇ ಹೋಗೋಣ’ ಎಂದರು. ಅವರ ಚಪ್ಪಲಿ ಒಂದು ತೇಲಿಕೊಂಡು ಹೋಗುತ್ತಿತ್ತು. ಹಿಡಿದು ತಂದು ಅವರ ಕಾಲಿಗೆ ಹಾಕಿದೆ. ಬಗ್ಗಿದ್ದ ನನ್ನ ತಲೆಯ ಮೇಲಿಂದ ಅವರು ಕೇಳಿದರು.

‘ಇವತ್ತು ಬರ್ತಾಳಾ?’

‘ಇಲ್ಲ ಸಾರ್’ ಎಂದೆ.

ಬೇಕೆಂದು ಹೇಳಿದ್ದಲ್ಲ. ಹದಿನೇಳು ವರ್ಷದ ಬಾಯಿ, ತಾನಾಗೇ ಹೇಳಿತು. ಹೇಳಿದ ಮೇಲೆ ಅರ್ಧಕ್ಕೆ ಬಿಡುವುದು ಹೇಗೆ? ‘ಇವತ್ತೂ ಇಲ್ಲ, ನಾಳೆಯೂ ಇಲ್ಲ. ಅವರು ಬರಲ್ಲ ಸಾರ್. ಮೊದಲನೇ ದಿನವೇ ಹೇಳಿದ್ರಂತೆ. ಹೋದ ಶುಕ್ರವಾರ ನನ್ನ ಹತ್ತಿರವೂ ಹೇಳಿದ್ರು.’

ಕೂಗಾಡುತ್ತಾರೆ ಎಂದುಕೊಂಡೆ. ಎದೆ ಹಿಡಿದುಕೊಂಡಾರು ಎಂದು ಭಯವಾಯಿತು. ಅವರು ಸುಮ್ಮನೆ ಇನ್ನೊಂದು ತಟ್ಟೆಯನ್ನು ನೋಡಿದರು. ‘ನಿಮ್ಮ ಹತ್ತಿರ ಮಾತಾಡಿದ್ಲಾ?’ ಎಂದರು.

‘ಹೌದು ಸಾರ್.’

‘ದನಿ ಹೇಗಿತ್ತು? ಕೋಪ ಇತ್ತಾ?’

ನಾನು ನೆನಪು ಮಾಡಿಕೊಂಡೆ. ಆ ಉಸಿರು, ಆ ತಗ್ಗಿದ ದನಿ.

‘ಇಲ್ಲ ಸಾರ್. ಕೋಪ ಇರಲಿಲ್ಲ. ಅಪ್ಪ ಚೆನ್ನಾಗಿದ್ದಾರಾ, ಊಟ ಮಾಡ್ತಾರಾ ಅಂತ ಕೇಳಿದ್ರು.’

‘ನೀವೇನಂದ್ರಿ?’

ಆಗ, ಆ ನೀರಿನಲ್ಲಿ ನಿಂತಿದ್ದಾಗ, ನನಗೆ ಹೊಳೆಯಿತು. ಆ ಹೆಣ್ಣುಮಗಳು ಬಾಗಿಲನ್ನು ಒಂದು ಬೆರಳಷ್ಟು ತೆರೆದಿದ್ದಳು. ಅದನ್ನು ಮುಚ್ಚಿದವಳು ನಾನು, ಅಷ್ಟು ಸಿಹಿಯಾಗಿ.

‘ತುಂಬಾ ಚೆನ್ನಾಗಿದ್ದಾರೆ ಅಂದುಬಿಟ್ಟೆ ಸಾರ್. ಸರಿ ಹಾಗಾದ್ರೆ ಅಂತ ಫೋನಿಟ್ರು.’

ನೀರು ಮೊಣಕಾಲಿಗೆ ಬಂದಿತ್ತು. ದೊಡ್ಡವರು ನನ್ನ ಮುಖವನ್ನೇ ನೋಡಿದರು. ಇಷ್ಟು ದಿನದಲ್ಲಿ ಅವರು ನನ್ನನ್ನು ನೋಡಿದ್ದು ಇದೇ ಮೊದಲು ಅನ್ನಿಸಿತು.

‘ನಾನು ಚೆನ್ನಾಗಿದ್ದೀನಾ?’

‘ಇಲ್ಲ ಸಾರ್.’

‘ಹಾಗಾದ್ರೆ ಅವಳಿಗೆ ಅದನ್ನೇ ಹೇಳಿ’ ಎಂದರು. ಆಮೇಲೆ ನನ್ನ ಭುಜ ಹಿಡಿದು ಎದ್ದರು. ‘ಆ ತಟ್ಟೆ ತೆಗೆದುಬಿಡಿ.’

ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಅವರನ್ನು ಹಿಡಿದುಕೊಂಡು ದೋಣಿ ಹತ್ತಿಸಿದೆ. ಒದ್ದೆ ಸೀರೆಯಲ್ಲೇ ಕಚೇರಿಗೆ ನಡೆದೆ. ಮ್ಯಾನೇಜರು ‘ಮೇಡಂ, ಮೇಡಂ’ ಎನ್ನುತ್ತ ಹಿಂದೆಯೇ ಬಂದರು. ನಿಲ್ಲಲಿಲ್ಲ. ನಂಬರು ಫೋನಿನಲ್ಲೇ ಇತ್ತು.

‘ಶುಕ್ರವಾರ ಕೇಳಿದ್ರಲ್ಲ ಮೇಡಂ, ಅಪ್ಪ ಚೆನ್ನಾಗಿದ್ದಾರಾ ಅಂತ. ಇಲ್ಲ. ಚೆನ್ನಾಗಿಲ್ಲ. ಊಟ ಮಾಡ್ತಿಲ್ಲ. ನಾಳೆ ಹೃದಯದ ಆಪರೇಷನ್ನಿದೆ. ಅವರೇ ಹೇಳಿ ಅಂದ್ರು. ಆವತ್ತು ನಾನು ಸುಳ್ಳು ಹೇಳಿದ್ದೆ, ತಪ್ಪಾಯ್ತು.’

‘ಯಾವ ಆಸ್ಪತ್ರೆ?’ ಎಂದರು ಅವರು.

ಮಧ್ಯಾಹ್ನದ ಹೆಲಿಕಾಪ್ಟರಿನಲ್ಲಿ ದೊಡ್ಡವರು ಹೊರಟರು. ಅದೇ ಮನೆ ಚಪ್ಪಲಿ, ಇನ್ನೂ ಒದ್ದೆ.

ಮಾರ್ಚ್ ೨೨, ಶನಿವಾರ

ಮ್ಯಾನೇಜರು ಕರೆದು ಕೂರಿಸಿ ಚಹಾ ಕೊಟ್ಟರು. ‘ನಿಮ್ಮಂಥವರಿಗೆ ಬೇರೆ ಕಡೆ ಖಂಡಿತ ಒಳ್ಳೆ ಅವಕಾಶ ಸಿಗುತ್ತೆ ಮೇಡಂ’ ಎಂದರು. ಅರ್ಥವಾಗಲು ಅರ್ಧ ಬಟ್ಟಲು ಚಹಾ ಬೇಕಾಯಿತು.

‘ಅಂದ್ರೆ ಇಲ್ಲಿ ಕೆಲಸ ಇಲ್ಲ ಅಂತ ತಾನೇ?’

ಅವರು ಬಾಯಿ ತೆರೆದರು, ಮುಚ್ಚಿದರು. ಪಾಪ, ಕೆಂಪಗಾದರು. ‘ಸಂಜೆ ದೋಣಿ ತಯಾರಾಗಿದೆ’ ಎಂದರು. ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಈ ಕೋಣೆಯ ಕಿಟಕಿ, ಈ ಸಮುದ್ರ ಇನ್ನೆಲ್ಲಿ ಸಿಗುತ್ತದೆ ನನಗೆ? ಎರಡನೇ ಹಡಗಿನ ಹಿಮ ಇವತ್ತು ಬಂದಿದೆ. ಯಾರಿಗೂ ಬೇಡ ಅದು. ಡೇರೆಯಲ್ಲಿ ತಾನಾಗೇ ಕರಗುತ್ತಿದೆ.

ದೊಡ್ಡವರ ಸುದ್ದಿ ಯಾರಿಗೂ ಗೊತ್ತಿಲ್ಲ. ಕೇಳಿದರೆ ಎಲ್ಲರೂ ‘ಚೆನ್ನಾಗಿದ್ದಾರೆ’ ಎನ್ನುತ್ತಾರೆ. ಇವರ ಮಾತನ್ನು ಹೇಗೆ ನಂಬುವುದು?

ಏಪ್ರಿಲ್ ೬, ಭಾನುವಾರ

ಮನೆಗೆ ಬಂದು ಎರಡು ವಾರವಾಯಿತು, ಡೈರಿ ಮುಟ್ಟಿರಲಿಲ್ಲ. ಪುರುಸೊತ್ತಿಲ್ಲ ಅಂತಲ್ಲ, ಮನಸ್ಸಿರಲಿಲ್ಲ. ಎರಡು ಕಡೆ ಕೆಲಸ ಕೇಳಿದೆ. ಎರಡೂ ಕಡೆ ಇಲ್ಲ ಎಂದರು. ಚೀಲ ಎತ್ತಿಕೊಂಡು ಬಂದೆ.

ಪುಟ್ಟಿ ಕೂದಲು ಕತ್ತರಿಸಿಕೊಂಡಿಲ್ಲ. ‘ನೀನು ಬೇಡ ಅನ್ನಲಿಲ್ವಲ್ಲ, ಅದಕ್ಕೇ ಧೈರ್ಯ ಬರಲಿಲ್ಲ. ನನ್ನ ಮೇಲೆ ಆಸೆನೇ ಬಿಟ್ಟುಬಿಟ್ಯೇನೋ ಅನ್ನಿಸ್ತು’ ಎಂದಳು. ಇವತ್ತು ಬೆಳಗ್ಗೆ ಮತ್ತೆ ಕೇಳಿದಳು. ‘ಬೇಡ ಅಂದ್ರೆ ಬೇಡ. ಆ ಮಾತೆತ್ತಿದ್ರೆ ನೋಡು’ ಎಂದೆ. ಅವಳು ಕೂಗಿದಳು, ನಾನೂ ಕೂಗಿದೆ. ಹೊಲಿಗೆ ಯಂತ್ರದ ಹಿಂದಿನಿಂದ ಇವರು ‘ಸದ್ಯ, ಜ್ವರ ಬಿಡ್ತು’ ಎಂದರು.

ಆ ಜಗಳದ ನಡುವೆಯೇ ಫೋನು ಬಂತು.

‘ನಾನು ಅವರ ಮಗಳು’ ಎಂದಿತು ಆ ದನಿ. ಸುಮ್ಮನಿರು ಎಂದು ಪುಟ್ಟಿಗೆ ಕೈಸನ್ನೆ ಮಾಡಿದೆ. ‘ನರ್ಸಮ್ಮನ ಹತ್ರ ನಿಮ್ಮ ನಂಬರ್ ಇತ್ತು. ಅಪ್ಪನ್ನ ಮನೆಗೆ ಕರ್ಕೊಂಡು ಬಂದಿದ್ದೀನಿ. ನಮ್ಮಿಬ್ಬರದು ಮಾತುಕತೆ ಇನ್ನೂ ಅಷ್ಟಕ್ಕಷ್ಟೇ. ಆದ್ರೆ ನಿಮ್ಮ ಹತ್ರ ಮಾತಾಡ್ಬೇಕಂತೆ. ತಗೊಳ್ಳಿ.’

ದೊಡ್ಡವರ ದನಿ ಸಣ್ಣಗಿತ್ತು, ಉಸಿರು ಮಾತ್ರ ಸರಾಗವಾಗಿತ್ತು.

‘ಏನ್ರೀ, ನೀವು ಹೇಳಿಕೊಟ್ಟದ್ದಾ ಇದು? ಬೆಳಗಿಂದ ರಾತ್ರಿವರೆಗೆ ಇವಳ ಬಾಯಲ್ಲಿ ಅದೊಂದೇ ಮಾತು. ಉಪ್ಪು ಇಲ್ಲ. ಎರಡನೇ ಚಹಾ ಇಲ್ಲ. ಮೆಟ್ಟಿಲು ಹತ್ತೋ ಹಾಗಿಲ್ಲ. ಈಗಲಾದ್ರೂ ಪಿಯಾನೋ ಕಲಿ ಅಂದ್ರೆ, ಪುರುಸೊತ್ತಿಲ್ಲ.’

ಹಿಂದೆ ಪಾತ್ರೆ ಇಡುವ ಸದ್ದು ಕೇಳಿತು. ‘ಅಪ್ಪಾ, ಜಾಸ್ತಿ ಮಾತು ಬೇಡ ಅಂದಿದ್ದಾರೆ’ ಎಂಬ ಕೂಗೂ ಕೇಳಿತು.

‘ಬೇಜಾರಾಗುತ್ತಾ ಸಾರ್?’ ಎಂದೆ.

‘ಇಲ್ಲ’ ಎಂದರು.